ತುಮಕೂರಿನ ಸ್ಟಾಂಪ್ ಅಂಗಡಿ, 380 ರೂಪಾಯಿಯ ಸೈಪ್ರಸ್ ಪ್ಯಾಕೆಟ್, ಮತ್ತು ರಾಷ್ಟ್ರಾಧ್ಯಕ್ಷರಾದ ಒಬ್ಬ ಧರ್ಮಗುರು

ತುಮಕೂರಿನಲ್ಲಿ ಹಳೇ ಸ್ಟಾಂಪು ಮಾರುವ ಅಂಗಡಿ ಇದೆ ಅಂದರೆ ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ. ಇದೆ. ಚಿಕ್ಕಪೇಟೆ ಕಡೆಯ ಒಂದು ಗಲ್ಲಿಯಲ್ಲಿ, ಹಿಟ್ಟಿನ ಗಿರಣಿಯ ಮೇಲೆ, ಒಂದೇ ಒಂದು ಕೋಣೆ. ಹೊರಗೆ ಬೋರ್ಡು ಇಲ್ಲ. ಮೆಟ್ಟಿಲು ಹತ್ತುವಾಗ ರಾಗಿ ಹಿಟ್ಟಿನ ಘಮ ಬರುತ್ತದೆ, ಅದೇ ಗುರುತು. ನನ್ನ ಮಗ ಎಂಟನೇ ಕ್ಲಾಸು. ಎರಡು ವರ್ಷದಿಂದ ಸ್ಟಾಂಪಿನ ಹುಚ್ಚು ಹಿಡಿದಿದೆ. ಮೊದಲು ಆನ್‌ಲೈನಿನಲ್ಲಿ ಯಾರೋ ಒಬ್ಬರ ಹತ್ತಿರ ತರಿಸಿದ್ದೆವು. ಥಂಡಿ ಹಿಡಿದು ಒಂದಕ್ಕೊಂದು ಅಂಟಿಕೊಂಡ ಸ್ಟಾಂಪು ಬಂದವು, ಬಿಡಿಸಲು ಹೋದರೆ ಅರ್ಧ ಹರಿದವು, ದುಡ್ಡೂ ವಾಪಸ್ ಬರಲಿಲ್ಲ. ಆಮೇಲೆ ಯಾರೋ ಈ ಅಂಗಡಿ ಹೇಳಿದರು. ಇದುವರೆಗೆ ಆರು ಸಲ ಹೋಗಿದ್ದೇವೆ. ಹಾಗಾಗಿ ಒಂದು ವಿವರವಾದ ಅಭಿಪ್ರಾಯ ಬರೆಯಬೇಕು ಅನ್ನಿಸಿತು, ಅದರಲ್ಲೂ ಅಲ್ಲಿ ತಗೊಂಡ ಸೈಪ್ರಸ್ ಪ್ಯಾಕೆಟ್ ಬಗ್ಗೆ.

ಅಂಗಡಿಯವರು ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನಾನು ಸಾರ್ ಅಂತೀನಿ, ಮಗ ತಾತ ಅಂತಾನೆ. ದೇಶಕ್ಕೊಂದು ಪ್ಯಾಕೆಟ್ ಮಾಡಿ ಕಬ್ಬಿಣದ ಬೀರುವಿನಲ್ಲಿ ಅಕ್ಷರ ಕ್ರಮದಲ್ಲಿ ಇಟ್ಟಿದ್ದಾರೆ. ಕನ್ನಡ ಅಕ್ಷರ ಕ್ರಮ, ಅಮೆರಿಕದಿಂದ ಹಂಗೆರಿವರೆಗೆ. ಪ್ರತಿ ಪ್ಯಾಕೆಟ್ಟಿನ ಒಳಗೂ ಒಂದು ಚೀಟಿ. ಆ ದೇಶ ಎಲ್ಲಿದೆ, ಯಾವ ವರ್ಷ ಸ್ವತಂತ್ರ ಆಯಿತು, ಸ್ಟಾಂಪಿನಲ್ಲಿರುವವರು ಯಾರು ಅಂತ ಅವರೇ ಕೈಯಲ್ಲಿ ಬರೆದಿರುತ್ತಾರೆ. ಈ ಚೀಟಿಗಾಗಿಯೇ ನಾನು ಅಲ್ಲಿಗೆ ಹೋಗುವುದು. ಸ್ಟಾಂಪು ಎಲ್ಲಾದರೂ ಸಿಗುತ್ತದೆ. ಅದನ್ನು ಒಂದೊಂದಾಗಿ ಓದಿ, ಮಗುವಿಗೆ ಅರ್ಥ ಆಗುವ ಹಾಗೆ ನಾಲ್ಕು ಸಾಲು ಬರೆದಿಡುವವರು ಬೇರೆ ಎಲ್ಲಿ ಸಿಗುತ್ತಾರೆ ಹೇಳಿ.

ಸೈಪ್ರಸ್ ಅಂದರೆ ಮೆಡಿಟರೇನಿಯನ್ ಸಮುದ್ರದ ಒಂದು ಪುಟ್ಟ ದ್ವೀಪ ದೇಶ. ಅದರ ಪ್ಯಾಕೆಟ್ 380 ರೂಪಾಯಿ. ಒಳಗೆ 42 ಸ್ಟಾಂಪು. ಮಗ ಅದನ್ನು ಆರಿಸಿದ್ದು ಒಂದು ಮುಖ ನೋಡಿ. ಕಪ್ಪು ನಿಲುವಂಗಿ, ಉದ್ದ ಗಡ್ಡ, ತಲೆಯ ಮೇಲೆ ಕಪ್ಪು ಟೋಪಿ, ಕಣ್ಣು ಮಾತ್ರ ಬಹಳ ತೀಕ್ಷ್ಣ. "ಅಮ್ಮಾ, ಸ್ವಾಮೀಜಿ ಸ್ಟಾಂಪು" ಅಂದ. ತಾತ ಹೇಳಿದರು, "ಸ್ವಾಮೀಜಿನೇ ಮರಿ, ಆದರೆ ಆ ದೇಶಕ್ಕೆ ಪ್ರೆಸಿಡೆಂಟೂ ಅವರೇ." ಅಷ್ಟು ಸಾಕಾಯಿತು. ಮನೆಗೆ ಬಂದು ಇಬ್ಬರೂ ಒಂದು ವಾರ ಅದೇ ಕೆಲಸ ಮಾಡಿದೆವು. ಸ್ಟಾಂಪು ಒಂದೊಂದೇ ಚಿಮಟದಲ್ಲಿ ತೆಗೆಯುವುದು, ಚೀಟಿ ಓದುವುದು, ಲೈಬ್ರರಿಯಲ್ಲೂ ಫೋನಿನಲ್ಲೂ ಹುಡುಕುವುದು.

ಅವರು ಮೂರನೇ ಮಕಾರಿಯೋಸ್. ಸೈಪ್ರಸ್ಸಿನ ಆರ್ಥೊಡಾಕ್ಸ್ ಚರ್ಚಿನ ಆರ್ಚ್‌ಬಿಷಪ್, ಅಂದರೆ ಅಲ್ಲಿನ ಬಿಷಪ್ಪರಿಗೆಲ್ಲ ಮುಖ್ಯಸ್ಥರು. ಆರ್ಥೊಡಾಕ್ಸ್ ಅಂದ ತಕ್ಷಣ ನಮ್ಮ ಕಡೆಯವರಿಗೆ ಕೇರಳದ ಸಿರಿಯನ್ ಕ್ರೈಸ್ತರು ನೆನಪಾಗುತ್ತಾರೆ. ಇದು ಬೇರೆ. ಗ್ರೀಸ್, ರಷ್ಯಾ ಕಡೆಯ ಪಂಥ, ಪೋಪ್ ಅವರ ಕೈಕೆಳಗೆ ಬರುವುದಿಲ್ಲ. ಇವರಲ್ಲಿ ಊರಿನ ಪಾದ್ರಿಗೆ ಹೆಂಡತಿ ಮಕ್ಕಳು ಇರಬಹುದು, ಆದರೆ ಬಿಷಪ್ ಆಗುವವರು ಸನ್ಯಾಸಿಗಳೇ ಆಗಿರಬೇಕು. ಅದಕ್ಕೇ ನನ್ನ ಮಗ ಸ್ವಾಮೀಜಿ ಅಂದಿದ್ದು ತಪ್ಪೇನಲ್ಲ.

ಹುಟ್ಟಿದ್ದು 13 ಆಗಸ್ಟ್ 1913. ಪಾಫೋಸ್ ಕಡೆಯ ಪನಾಯಿಯ ಅನ್ನೋ ಬೆಟ್ಟದ ಹಳ್ಳಿ. ಅಪ್ಪ ಕುರಿ ಕಾಯುತ್ತಿದ್ದರು. ಹುಡುಗನ ಹೆಸರು ಮಿಖಾಯಿಲ್ ಮೂಸ್ಕೋಸ್. ಹದಿಮೂರನೇ ವಯಸ್ಸಿಗೆ ಟ್ರೂಡೋಸ್ ಬೆಟ್ಟದ ಕಿಕ್ಕೋಸ್ ಮಠಕ್ಕೆ ಸೇರಿದ. ಬಡವರ ಮಗ, ಬುದ್ಧಿವಂತ, ಮಠವೇ ಓದಿಸಿತು. ಇದನ್ನು ಓದಿದಾಗ ಸಿದ್ಧಗಂಗೆಯ ಹುಡುಗರು ಕಣ್ಣ ಮುಂದೆ ಬಂದರು. ಊರೂರಿನಿಂದ ಬಂದು ಅನ್ನ, ಅಕ್ಷರ ಎರಡನ್ನೂ ಮಠದಲ್ಲೇ ಪಡೆಯುವ ಮಕ್ಕಳನ್ನು ನೋಡಿ ಬೆಳೆದ ನಮಗೆ ಈ ಭಾಗ ಯಾರೂ ವಿವರಿಸಬೇಕಿಲ್ಲ. ಕಿಕ್ಕೋಸ್ ಮಠ ಅವರನ್ನು ರಾಜಧಾನಿ ನಿಕೋಸಿಯಾದ ಹೈಸ್ಕೂಲಿಗೆ ಕಳಿಸಿತು, ಆಮೇಲೆ ಅಥೆನ್ಸ್ ವಿಶ್ವವಿದ್ಯಾಲಯಕ್ಕೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಗ್ರೀಸನ್ನು ಹಿಡಿದುಕೊಂಡಿದ್ದಾಗ ಅಲ್ಲೇ ಇದ್ದರು. 1946 ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕದ ಬಾಸ್ಟನ್ನಿಗೆ ಹೋದರು. ಅಲ್ಲಿ ಓದುತ್ತಿರುವಾಗಲೇ, 1948 ರಲ್ಲಿ, ಊರಿನವರು ಇವರನ್ನು ಕಿಟಿಯಾನ್‌ನ ಬಿಷಪ್ ಅಂತ ಆರಿಸಿಬಿಟ್ಟರು. ಓದು ಬಿಟ್ಟು ಬಂದರು. 1950 ರ ಅಕ್ಟೋಬರಿನಲ್ಲಿ ಆರ್ಚ್‌ಬಿಷಪ್. ಆಗ ವಯಸ್ಸು ಬರೀ 37.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಆ ಪೀಠ ಬರೀ ಪೂಜೆಯ ಪೀಠ ಅಲ್ಲ. ಟರ್ಕಿಯ ಸುಲ್ತಾನರ ಕಾಲದಲ್ಲಿ ಸೈಪ್ರಸ್ಸಿನ ಕ್ರೈಸ್ತ ಪ್ರಜೆಗಳ ಪರವಾಗಿ ಸರ್ಕಾರದ ಜೊತೆ ಮಾತಾಡುವವರು ಆರ್ಚ್‌ಬಿಷಪ್ಪೇ. ತೆರಿಗೆಯ ಹೊಣೆಯೂ ಅವರದ್ದೇ. ಜನರ ನಾಯಕ ಅನ್ನೋ ಅರ್ಥದಲ್ಲಿ ಎಥ್ನಾರ್ಕ್ ಅಂತ ಕರೆಯುತ್ತಿದ್ದರು. 1821 ರಲ್ಲಿ ಗ್ರೀಸಿನಲ್ಲಿ ದಂಗೆ ಎದ್ದಾಗ ಸುಲ್ತಾನರ ಅಧಿಕಾರಿ ಇಲ್ಲಿನ ಆರ್ಚ್‌ಬಿಷಪ್ ಕಿಪ್ರಿಯಾನೋಸ್ ಅವರನ್ನು ನಿಕೋಸಿಯಾದಲ್ಲಿ ನೇಣಿಗೆ ಹಾಕಿದ. ಅಂದರೆ ಮಕಾರಿಯೋಸ್ ರಾಜಕೀಯಕ್ಕೆ ಹೋದರು ಅನ್ನುವುದಕ್ಕಿಂತ, ರಾಜಕೀಯ ಮೊದಲೇ ಬಂದು ಕೂತಿದ್ದ ಪೀಠದ ಮೇಲೆ ಅವರು ಹೋಗಿ ಕೂತರು. ಇನ್ನೊಂದು ಹಳೇ ಮರ್ಯಾದೆಯೂ ಆ ಪೀಠಕ್ಕಿದೆ. 5ನೇ ಶತಮಾನದ ಕೊನೆಯಲ್ಲಿ ಜೀನೋ ಚಕ್ರವರ್ತಿ ಕೊಟ್ಟಿದ್ದು ಅಂತ ಹೇಳುತ್ತಾರೆ. ಸೈಪ್ರಸ್ಸಿನ ಆರ್ಚ್‌ಬಿಷಪ್ ಚಕ್ರವರ್ತಿಯ ಹಾಗೆ ಕೆಂಪು ಇಂಕಿನಲ್ಲಿ ಸಹಿ ಹಾಕಬಹುದು, ನೇರಳೆ ಬಣ್ಣದ ಮೇಲಂಗಿ ತೊಡಬಹುದು, ರಾಜದಂಡ ಹಿಡಿಯಬಹುದು. ಕೆಂಪು ಇಂಕಿನ ವಿಷಯ ಮಗನಿಗೆ ಬಹಳ ಹಿಡಿಸಿತು. "ಟೀಚರ್ ಮಾತ್ರ ಅಲ್ವಾ ಕೆಂಪಲ್ಲಿ ಬರೆಯೋದು" ಅಂದ.

ಈಗ ಪ್ಯಾಕೆಟ್ಟಿಗೆ ಬರುತ್ತೇನೆ. ಮೊದಲ ಸಾಲಿನಲ್ಲಿ ಎಲಿಜಬೆತ್ ರಾಣಿಯ ಮುಖ ಇರುವ ನಾಲ್ಕು ಸ್ಟಾಂಪು. ಬ್ರಿಟಿಷರು 1878 ರಲ್ಲಿ ಈ ದ್ವೀಪದ ಆಡಳಿತ ತಗೊಂಡರು, 1925 ರಲ್ಲಿ ಪೂರ್ತಿ ತಮ್ಮ ವಸಾಹತು ಮಾಡಿಕೊಂಡರು. ಅಲ್ಲಿ ಜಾಸ್ತಿ ಇದ್ದ ಗ್ರೀಕ್ ಮಾತಾಡುವ ಜನರಿಗೆ, ಅಂದರೆ ಗ್ರೀಕ್ ಸೈಪ್ರಿಯಟ್ಟರಿಗೆ, ಬೇಕಾಗಿದ್ದು ಬರೀ ಸ್ವಾತಂತ್ರ್ಯ ಆಗಿರಲಿಲ್ಲ, ಗ್ರೀಸ್ ಜೊತೆ ಸೇರುವುದು. ಅದಕ್ಕೆ ಎನೊಸಿಸ್ ಅನ್ನುತ್ತಾರೆ. 1950 ರ ಜನವರಿಯಲ್ಲಿ ಚರ್ಚೇ ಮುಂದೆ ನಿಂತು ಜನಮತ ತೆಗೆದುಕೊಂಡಿತು, ಗ್ರೀಕ್ ಸೈಪ್ರಿಯಟ್ಟರಲ್ಲಿ ಶೇ. 95 ಕ್ಕೂ ಹೆಚ್ಚು ಜನ ಎನೊಸಿಸ್ ಪರ ಸಹಿ ಹಾಕಿದರು. ಆದರೆ ದ್ವೀಪದಲ್ಲಿ ಸುಮಾರು ಶೇ. 18 ರಷ್ಟು ಟರ್ಕಿಶ್ ಮಾತಾಡುವ ಮುಸ್ಲಿಮರೂ ಇದ್ದರು. ಅವರಿಗೆ ಇದು ಬೇಡವಾಗಿತ್ತು. ಮುಂದಿನ ಎಲ್ಲಾ ನೋವಿಗೂ ಬೀಜ ಇದೇ.

1955 ರ ಏಪ್ರಿಲ್ 1 ರಂದು ಗ್ರಿವಾಸ್ ಅನ್ನೋ ನಿವೃತ್ತ ಸೇನಾಧಿಕಾರಿಯ ನಾಯಕತ್ವದಲ್ಲಿ, ಬ್ರಿಟಿಷರನ್ನು ಓಡಿಸಲು ಹುಟ್ಟಿದ ಇಯೋಕಾ ಅನ್ನೋ ರಹಸ್ಯ ಸಂಘಟನೆ ಬಾಂಬು ಹಾಕಲು ಶುರು ಮಾಡಿತು. ಅದೇ ತಿಂಗಳು ಮಕಾರಿಯೋಸ್ ಇಂಡೋನೇಷ್ಯಾದ ಬಾಂಡುಂಗ್ ಸಮ್ಮೇಳನಕ್ಕೆ ಹೋದರು, ನಮ್ಮ ನೆಹರೂ ಅವರು ಇದ್ದ ಸಮ್ಮೇಳನ. ಬ್ರಿಟಿಷ್ ಗವರ್ನರ್ ಹಾರ್ಡಿಂಗ್ ಜೊತೆ ತಿಂಗಳುಗಟ್ಟಲೆ ಮಾತುಕತೆ ಆಯಿತು, ಮುರಿದು ಬಿತ್ತು. 1956 ರ ಮಾರ್ಚ್ 9 ರಂದು ಅವರನ್ನು ಹಿಡಿದು ಸೇಶೆಲ್ಸ್ ದ್ವೀಪಕ್ಕೆ ಗಡಿಪಾರು ಮಾಡಿದರು. ಜೊತೆಯಲ್ಲಿ ಇನ್ನೂ ಮೂವರು. ಅದರಲ್ಲಿ ಒಬ್ಬರು ಕಿರೀನಿಯಾದ ಬಿಷಪ್. ಈ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ. ಒಂದು ವರ್ಷ ಹಿಂದೂ ಮಹಾಸಾಗರದ ನಡುವೆ ಇದ್ದರು. ಬಿಟ್ಟ ಮೇಲೂ ಊರಿಗೆ ಬರಲು ಬಿಡಲಿಲ್ಲ. 1959 ರ ಮಾರ್ಚ್ 1 ರಂದು ವಾಪಸ್ ಬಂದಾಗ ನಿಕೋಸಿಯಾದ ಬೀದಿಗಳಲ್ಲಿ ಜನವೋ ಜನ.

ಆದರೆ ಬಂದಿದ್ದು ಎನೊಸಿಸ್ ತಗೊಂಡು ಅಲ್ಲ. ಜ್ಯೂರಿಕ್ ಮತ್ತು ಲಂಡನ್ ಒಪ್ಪಂದ ತಗೊಂಡು. ಸೈಪ್ರಸ್ ಸ್ವತಂತ್ರ ಗಣರಾಜ್ಯ ಆಗುತ್ತದೆ, ಗ್ರೀಸಿಗೂ ಸೇರುವುದಿಲ್ಲ, ಟರ್ಕಿಗೂ ಇಲ್ಲ, ಬ್ರಿಟನ್ನಿಗೆ ಎರಡು ಸೇನಾ ನೆಲೆ. ಸಹಿ ಹಾಕುವ ಹಿಂದಿನ ರಾತ್ರಿಯವರೆಗೂ ಅವರು ಒಪ್ಪಿರಲಿಲ್ಲವಂತೆ. ಬೆಳಿಗ್ಗೆ ಒಪ್ಪಿದರು. ನನಗೆ ಇದು ಅವರ ಬದುಕಿನ ಅತಿ ಕಷ್ಟದ ಬೆಳಿಗ್ಗೆ ಅನ್ನಿಸುತ್ತದೆ. ಪೀಠದಲ್ಲಿ ನಿಂತು ಜನರಿಗೆ ಕೊಟ್ಟ ಮಾತು ಒಂದು, ದೇಶ ಉಳಿಸಲು ಹಾಕಬೇಕಾದ ಸಹಿ ಇನ್ನೊಂದು. ರಾಜಕಾರಣಿ ಮಾತು ಬದಲಿಸಿದರೆ ಜನ ಬೈದು ಮರೆಯುತ್ತಾರೆ. ಗುರುಗಳು ಬದಲಿಸಿದರೆ ದ್ರೋಹ ಅನ್ನುತ್ತಾರೆ. ಗ್ರಿವಾಸ್ ಮತ್ತು ಅವರ ಕಡೆಯವರು ಹಾಗೇ ಅಂದರು, ಸಾಯುವವರೆಗೂ ಕ್ಷಮಿಸಲಿಲ್ಲ.

1959 ರ ಡಿಸೆಂಬರ್ ಚುನಾವಣೆಯಲ್ಲಿ ಮೂರರಲ್ಲಿ ಎರಡು ಭಾಗ ಓಟು ಪಡೆದು ಮಕಾರಿಯೋಸ್ ರಾಷ್ಟ್ರಾಧ್ಯಕ್ಷರಾದರು. 1960 ಆಗಸ್ಟ್ 16 ಕ್ಕೆ ಸ್ವಾತಂತ್ರ್ಯ. ಪ್ಯಾಕೆಟ್ಟಿನ ನನ್ನ ಅಚ್ಚುಮೆಚ್ಚಿನ ಸ್ಟಾಂಪು ಆ ದಿನದ್ದು. ಹೊಸದಾಗಿ ಅಚ್ಚು ಹಾಕಲು ಹೋಗದೆ ಅದೇ ರಾಣಿಯ ಸ್ಟಾಂಪಿನ ಮೇಲೆ ಸೈಪ್ರಸ್ ಗಣರಾಜ್ಯ ಅಂತ ಗ್ರೀಕ್ ಮತ್ತು ಟರ್ಕಿಶ್ ಎರಡರಲ್ಲೂ ಓವರ್‌ಪ್ರಿಂಟ್ ಮಾಡಿದ್ದಾರೆ. ಚಿಕ್ಕ ಕಾಗದದ ಮೇಲೆ ಮೂರು ಅಧಿಕಾರ ಒಟ್ಟಿಗೆ ಕೂತಿವೆ. ಸಂವಿಧಾನವೂ ಹೀಗೇ ಇತ್ತು. ಅಧ್ಯಕ್ಷರು ಗ್ರೀಕ್, ಉಪಾಧ್ಯಕ್ಷರು ಟರ್ಕಿಶ್, ಆಗ ಫಾಜಿಲ್ ಕುಚುಕ್. ಸಂಸತ್ತಿನ 50 ಸೀಟಿನಲ್ಲಿ 35 ಗ್ರೀಕರಿಗೆ, 15 ಟರ್ಕಿಶರಿಗೆ. ಸರ್ಕಾರಿ ನೌಕರಿ 70ಕ್ಕೆ 30. ಸೇನೆ 60ಕ್ಕೆ 40. ಉಪಾಧ್ಯಕ್ಷರು ಬೇಡ ಅಂದರೆ ರಕ್ಷಣೆ, ವಿದೇಶಾಂಗದ ತೀರ್ಮಾನ ನಿಲ್ಲುತ್ತಿತ್ತು.

ಮೂರೇ ವರ್ಷ ನಡೆಯಿತು. 1963 ರ ನವೆಂಬರಿನಲ್ಲಿ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿ ಮುಂದಿಟ್ಟರು. ಆಡಳಿತ ಸುಗಮ ಆಗಲಿ ಅಂತ ಅವರ ವಾದ. ನಮ್ಮ ರಕ್ಷಣೆ ಕಿತ್ತುಕೊಳ್ಳುತ್ತಿದ್ದಾರೆ ಅಂತ ಟರ್ಕಿಶ್ ಸೈಪ್ರಿಯಟ್ಟರು. ಡಿಸೆಂಬರಿನಲ್ಲಿ ನಿಕೋಸಿಯಾದಲ್ಲಿ ಗುಂಡು ಹಾರಿತು. ಎರಡೂ ಕಡೆ ಹೆಣ ಬಿದ್ದವು. ಸುಮಾರು 25 ಸಾವಿರ ಟರ್ಕಿಶ್ ಸೈಪ್ರಿಯಟ್ಟರು ಊರು ಬಿಟ್ಟು ಚಿಕ್ಕ ಚಿಕ್ಕ ಜಾಗಗಳಲ್ಲಿ ಗುಂಪಾಗಿ ಸೇರಿಕೊಂಡರು. ನಾನು ಮಕಾರಿಯೋಸ್ ಅವರನ್ನು ಬಹಳ ಇಷ್ಟಪಟ್ಟು ಓದಿದೆ, ಆದರೂ ಇಲ್ಲಿ ಅವರು ತಪ್ಪಿದರು ಅಂತಲೇ ಹೇಳುತ್ತೇನೆ. ಎದುರಿಗಿರುವ ಅಧ್ಯಕ್ಷರು ಶಿಲುಬೆ ಹಾಕಿಕೊಂಡು, ಇನ್ನೊಂದು ಧರ್ಮದ ಪೀಠದಲ್ಲಿ ಕೂತು, ನಿನ್ನೆಯವರೆಗೆ ಗ್ರೀಸ್ ಸೇರೋಣ ಅಂದವರು. ಟರ್ಕಿಶ್ ರೈತನೊಬ್ಬ ಅವರನ್ನು ನನ್ನ ಅಧ್ಯಕ್ಷ ಅಂತ ಹೇಗೆ ಅಂದುಕೊಳ್ಳಬೇಕು? ಅಂಥ ಕಡೆ ನಂಬಿಕೆ ಗಳಿಸಲು ಎರಡು ಪಟ್ಟು ತಾಳ್ಮೆ ಬೇಕಿತ್ತು. ಅವರು ಅವಸರ ಮಾಡಿದರು.

ಇದಾದ ಮೇಲಿನ ಸ್ಟಾಂಪು ನೋಡಿ ನಾವಿಬ್ಬರೂ ಕೂಗಿಬಿಟ್ಟೆವು. ಸೇನಾ ಸಮವಸ್ತ್ರದಲ್ಲಿ ದಪ್ಪ ಮೀಸೆಯ ಒಬ್ಬರು, ಪಕ್ಕದಲ್ಲಿ ವಿಶ್ವಸಂಸ್ಥೆಯ ಗುರುತು, ಬೆಲೆ ಅಲ್ಲಿನ ಚಿಲ್ಲರೆ ಕಾಸಿನಲ್ಲಿ 50 ಮಿಲ್, ವರ್ಷ 1966. ಚೀಟಿಯಲ್ಲಿ ತಾತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ, "ಜನರಲ್ ತಿಮ್ಮಯ್ಯ, ನಮ್ಮ ಕೊಡಗಿನವರು." 1964 ರ ಮಾರ್ಚಿನಲ್ಲಿ ವಿಶ್ವಸಂಸ್ಥೆ ಅಲ್ಲಿಗೆ ಶಾಂತಿ ಪಡೆ ಕಳಿಸಲು ತೀರ್ಮಾನಿಸಿತು. ಅದರ ಮೊದಲ ದಂಡನಾಯಕರು ಭಾರತದ ಜನರಲ್ ಗ್ಯಾನಿ. ಅವರ ನಂತರ, ಅದೇ ವರ್ಷ ಜುಲೈನಲ್ಲಿ, ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾಗಿದ್ದ ತಿಮ್ಮಯ್ಯನವರು ಹೋದರು. 1965 ಡಿಸೆಂಬರ್ 18 ರಂದು ಸೈಪ್ರಸ್ಸಿನಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಲಾರ್ನಕ ಊರಿನಲ್ಲಿ ಅವರ ಹೆಸರಿನ ದೊಡ್ಡ ರಸ್ತೆ ಈಗಲೂ ಇದೆ. 1974 ರ ಯುದ್ಧದ ಹೊತ್ತಿಗೂ ಆ ಪಡೆಯ ಮುಖ್ಯಸ್ಥರು ಭಾರತದವರೇ, ಪ್ರೇಮ್ ಚಂದ್. ಮಡಿಕೇರಿಯಲ್ಲಿ ಹುಟ್ಟಿದ ಒಬ್ಬರು ಎಲ್ಲೋ ಮೆಡಿಟರೇನಿಯನ್ ಸಮುದ್ರದ ದ್ವೀಪದಲ್ಲಿ ಗ್ರೀಕರಿಗೂ ಟರ್ಕರಿಗೂ ನಡುವೆ ನಿಂತು ಪ್ರಾಣ ಬಿಟ್ಟರು, ಆ ದೇಶ ಅವರಿಗೆ ಸ್ಟಾಂಪು ಮಾಡಿತು. ಇದನ್ನು ನಮ್ಮ ಮಕ್ಕಳಿಗೆ ಯಾವ ಪಾಠದಲ್ಲೂ ನಾನು ಹೇಳಿರಲಿಲ್ಲ. ಸಮಾಜ ವಿಜ್ಞಾನದ ಟೀಚರ್ ಆಗಿ ಹದಿನೇಳು ವರ್ಷ ಆಯಿತು. ಮುಂದಿನ ವಾರವೇ ಎಂಟನೇ ಕ್ಲಾಸಿಗೆ ಈ ಸ್ಟಾಂಪು ತಗೊಂಡು ಹೋಗಿ ತೋರಿಸಿದೆ.

ಇನ್ನು ಮಕಾರಿಯೋಸ್ ಅವರ ಎರಡನೇ ಅರ್ಧ. 1967 ರಲ್ಲಿ ಗ್ರೀಸಿನಲ್ಲಿ ಸೈನಿಕರು ಸರ್ಕಾರ ಕಿತ್ತುಕೊಂಡರು. ಅವರ ಕೈಯಲ್ಲಿರುವ ಗ್ರೀಸ್ ಜೊತೆ ಸೇರಲು ಮಕಾರಿಯೋಸ್ ಅವರಿಗೆ ಮನಸ್ಸಿರಲಿಲ್ಲ. ಈಗ ಆಗುವುದನ್ನು ಮಾಡೋಣ, ಬಯಸಿದ್ದನ್ನು ಪಕ್ಕಕ್ಕಿಡೋಣ ಅನ್ನೋ ರೀತಿಯಲ್ಲಿ 1968 ರಲ್ಲಿ ಚುನಾವಣೆಗೆ ನಿಂತರು, ಶೇ. 95 ಕ್ಕೂ ಹೆಚ್ಚು ಓಟು ಬಂತು. ಅಲ್ಲಿಂದ ಅವರ ಶತ್ರುಗಳು ಸ್ವಂತ ಜನರೇ. 1970 ರ ಮಾರ್ಚ್ 8 ರಂದು ಆರ್ಚ್‌ಬಿಷಪ್ ಭವನದಿಂದ ಅವರ ಹೆಲಿಕಾಪ್ಟರ್ ಮೇಲೇಳುತ್ತಿದ್ದ ಹಾಗೇ ಪಕ್ಕದ ಕಟ್ಟಡದ ಮೇಲಿಂದ ಗುಂಡು ಹಾರಿಸಿದರು. ಪೈಲಟ್ ಹೊಟ್ಟೆಗೆ ಗುಂಡು ಬಿತ್ತು. ಅಂಥ ಸ್ಥಿತಿಯಲ್ಲೂ ಆತ ಮನೆಗಳ ನಡುವೆ ಇಳಿಸಿದ. ಮಕಾರಿಯೋಸ್ ಅವರಿಗೆ ಗಾಯ ಆಗಲಿಲ್ಲ. ಇಳಿದ ತಕ್ಷಣ ಪೈಲಟ್‌ನನ್ನು ಆಸ್ಪತ್ರೆಗೆ ಸೇರಿಸುವ ಕೆಲಸ ನೋಡಿದರು.

ಆಮೇಲೆ ಬಂದಿದ್ದು ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ ಭಾಗ. 1972 ರಲ್ಲಿ ಅವರ ಕೈಕೆಳಗಿನ ಮೂವರು ಬಿಷಪ್ಪರು ಒಟ್ಟಾಗಿ ಹೇಳಿದರು, ಧರ್ಮದ ನಿಯಮದ ಪ್ರಕಾರ ಬಿಷಪ್ ಆದವರು ಲೌಕಿಕ ಅಧಿಕಾರ ಹಿಡಿಯಬಾರದು, ಅಧ್ಯಕ್ಷ ಪದವಿ ಬಿಡಿ. ಅವರು ಬಿಡಲಿಲ್ಲ. 1973 ರ ಫೆಬ್ರವರಿಯಲ್ಲಿ ಎದುರಾಳಿಯೇ ಇಲ್ಲದೆ ಮತ್ತೆ ಅಧ್ಯಕ್ಷರಾದರು. ಮುಂದಿನ ತಿಂಗಳು ಆ ಮೂವರು ಸೇರಿ ಇವರ ಪಟ್ಟವನ್ನೇ ತೆಗೆದುಹಾಕಿದೆವು ಅಂತ ಘೋಷಿಸಿದರು. ಇನ್ನು ಮೇಲೆ ಇವರು ಮಕಾರಿಯೋಸ್ ಅಲ್ಲ, ಬರೀ ಮಿಖಾಯಿಲ್ ಮೂಸ್ಕೋಸ್. ಮೂವರಲ್ಲಿ ಒಬ್ಬರು ಯಾರು ಗೊತ್ತಾ? ಸೇಶೆಲ್ಸಿನಲ್ಲಿ ಜೊತೆಗೆ ಗಡಿಪಾರಿನಲ್ಲಿದ್ದ ಅದೇ ಕಿರೀನಿಯಾದ ಬಿಷಪ್. ಒಂದೇ ಮನೆಯಲ್ಲಿ ಒಂದು ವರ್ಷ ಒಟ್ಟಿಗೆ ಊಟ ಮಾಡಿದವರು. ಮಕಾರಿಯೋಸ್ ಸುಮ್ಮನಿರಲಿಲ್ಲ. ಜುಲೈನಲ್ಲಿ ಅಲೆಕ್ಸಾಂಡ್ರಿಯಾದ ಪೇಟ್ರಿಯಾರ್ಕ್, ಅಂದರೆ ಅಲ್ಲಿನ ಆರ್ಥೊಡಾಕ್ಸ್ ಚರ್ಚಿನ ಮುಖ್ಯ ಗುರುಗಳನ್ನು ಕರೆಸಿ ದೊಡ್ಡ ಸಭೆ ಸೇರಿಸಿದರು. ಆ ಸಭೆ ಈ ಮೂವರ ಪಟ್ಟವನ್ನೇ ತೆಗೆಯಿತು.

ಆ ಮೂವರ ಹಿಂದೆ ಅಥೆನ್ಸಿನ ಸೈನಿಕರ ಕಡೆಯವರ ಬೆಂಬಲ ಇತ್ತು, ಅದು ನಿಜ. ಆದರೆ ಅವರು ಎತ್ತಿದ ಪ್ರಶ್ನೆ ಸುಳ್ಳಲ್ಲ. ನಾನು ತುಮಕೂರಿನವಳು, ಈ ಪ್ರಶ್ನೆ ಬಿಟ್ಟು ಓದಲು ನನ್ನಿಂದ ಆಗಲಿಲ್ಲ. ನಮ್ಮ ಶಿವಕುಮಾರ ಸ್ವಾಮಿಗಳ ಹತ್ತಿರ ಎಲ್ಲಾ ಪಕ್ಷದವರೂ ಬಂದರು. ಮುಖ್ಯಮಂತ್ರಿಗಳು, ಪ್ರಧಾನಿಗಳು ನೆಲದ ಮೇಲೆ ಕೂತು ನಮಸ್ಕಾರ ಮಾಡಿ ಹೋದರು. ಅವರು ಯಾವತ್ತೂ ಚುನಾವಣೆಗೆ ನಿಲ್ಲಲಿಲ್ಲ. 2019 ರ ಜನವರಿ 21 ರಂದು, 111ನೇ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ ಬಂದ ಲಕ್ಷಾಂತರ ಜನರಲ್ಲಿ ಯಾವ ಜಾತಿ, ಯಾವ ಧರ್ಮದವರು ಇರಲಿಲ್ಲ? ಮಠದ ದಾಸೋಹದಲ್ಲಿ ಊಟ ಮಾಡಿ ಓದಿದ ಮುಸ್ಲಿಂ ಹುಡುಗರೂ ಅತ್ತರು. ಅವರು ಒಂದು ಪಕ್ಷದ ಚಿಹ್ನೆ ಹಿಡಿದಿದ್ದರೆ ಹೀಗೆ ಆಗುತ್ತಿತ್ತಾ? ಇಲ್ಲ ಅಂತ ನನಗೆ ಅನ್ನಿಸುತ್ತದೆ. ಹಾಗಂತ ಮಕಾರಿಯೋಸ್ ಅವರನ್ನು ಇದೇ ತಕ್ಕಡಿಯಲ್ಲಿ ತೂಗಲೂ ಮನಸ್ಸು ಬರುವುದಿಲ್ಲ. ಪರದೇಶದವರ ಆಳ್ವಿಕೆ ಇರುವ ಪುಟ್ಟ ದ್ವೀಪ, ಜನ ನೂರಾರು ವರ್ಷದಿಂದ ನಾಯಕ ಅಂತ ನೋಡಿದ್ದು ಆ ಒಂದು ಪೀಠವನ್ನೇ. ಹೋರಾಟದಲ್ಲಿ ಅವರು ಮುಂದೆ ನಿಂತಿದ್ದು ಸರಿ. ಸ್ವಾತಂತ್ರ್ಯ ಬಂದ ದಿನ ಎರಡು ಕುರ್ಚಿಯಲ್ಲಿ ಒಂದನ್ನು ಬಿಟ್ಟಿದ್ದರೆ ಚೆನ್ನಾಗಿತ್ತು, ಯಾವುದನ್ನಾದರೂ. ಇದು ನನ್ನ ಅಭಿಪ್ರಾಯ.

1974. ಜುಲೈ 2 ರಂದು ಮಕಾರಿಯೋಸ್ ಗ್ರೀಸಿನ ಅಧ್ಯಕ್ಷರಿಗೆ ಕಾಗದ ಬರೆದು, ನಮ್ಮ ಸೇನೆಯಾದ ನ್ಯಾಷನಲ್ ಗಾರ್ಡಿನಲ್ಲಿರುವ ನಿಮ್ಮ ಸೇನಾಧಿಕಾರಿಗಳನ್ನು ವಾಪಸ್ ಕರೆಸಿಕೊಳ್ಳಿ ಅಂದರು. ಜುಲೈ 15 ರ ಬೆಳಿಗ್ಗೆ, ಈಜಿಪ್ಟಿನ ಕೈರೋದಿಂದ ಬಂದಿದ್ದ ಗ್ರೀಕ್ ಶಾಲಾಮಕ್ಕಳನ್ನು ಮಾತಾಡಿಸುತ್ತಿದ್ದಾಗ ಅದೇ ಗ್ರೀಕ್ ಅಧಿಕಾರಿಗಳ ಕೈಯಲ್ಲಿದ್ದ ನ್ಯಾಷನಲ್ ಗಾರ್ಡಿನ ಟ್ಯಾಂಕುಗಳು ಅಧ್ಯಕ್ಷರ ಭವನದ ಮೇಲೆ ಗುಂಡು ಹಾರಿಸಿದವು. ಮಕ್ಕಳನ್ನು ಕಾಪಾಡಿ, ಹಿಂಬಾಗಿಲಿನಿಂದ ಇಳಿದು, ಸಿಕ್ಕ ಕಾರು ಹತ್ತಿ ಬೆಟ್ಟದ ಕಡೆ ಹೋದರು. ಹುಡುಗನಾಗಿ ಸೇರಿದ್ದ ಅದೇ ಕಿಕ್ಕೋಸ್ ಮಠ, ಅಲ್ಲಿಂದ ಪಾಫೋಸ್. ಇತ್ತ ರೇಡಿಯೋದಲ್ಲಿ ಮಕಾರಿಯೋಸ್ ಸತ್ತರು, ಮಕಾರಿಯೋಸ್ ಸತ್ತರು ಅಂತ ಹೇಳುತ್ತಲೇ ಇದ್ದಾರೆ. ಮಧ್ಯಾಹ್ನ ಪಾಫೋಸಿನ ಸಣ್ಣ ರೇಡಿಯೋ ಕೇಂದ್ರದಿಂದ ಅವರ ಧ್ವನಿ ಬಂತು, ನಾನು ಬದುಕಿದ್ದೇನೆ ಅಂತ.

ಅಂಗಡಿಯ ಚೀಟಿಯಲ್ಲಿ ತಪ್ಪು ಇದ್ದಿದ್ದು ಇಲ್ಲೇ. "1974 ರಲ್ಲಿ ಕೊಂದರು" ಅಂತ ಬರೆದಿತ್ತು. ನಾಲ್ಕನೇ ಸಲ ಹೋದಾಗ ನಾನೇ ಹೇಳಿದೆ, "ಸಾರ್, ಅವರು ತೀರಿಕೊಂಡಿದ್ದು 1977 ಆಗಸ್ಟ್ 3 ರಂದು, ಹೃದಯಾಘಾತ, ಆಗ 63 ವರ್ಷ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ನಾನಾಗ ಎಸ್ಸೆಸ್ಸೆಲ್ಸಿ ಮೇಡಂ. ನಮ್ಮಪ್ಪ ದಿನಾ ರೇಡಿಯೋ ಹಚ್ಚೋರು. ಸತ್ತರು ಅಂತ ಅವತ್ತು ನಮ್ಮಪ್ಪ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿದೆ. ಅದು ಸುಳ್ಳು ಸುದ್ದಿನಾ?" ಐವತ್ತು ವರ್ಷದ ಹಿಂದೆ ನಿಕೋಸಿಯಾದಲ್ಲಿ ಹೇಳಿದ ಸುಳ್ಳು ತುಮಕೂರಿನ ಒಂದು ಚೀಟಿಯಲ್ಲಿ ಇನ್ನೂ ಕೂತಿತ್ತು.

ಮುಂದಿನದು ಬೇಗ ಹೇಳಿಬಿಡುತ್ತೇನೆ, ಬರೆಯಲು ಸಂಕಟ ಆಗುತ್ತದೆ. ಬ್ರಿಟಿಷರು ಅವರನ್ನು ವಿಮಾನದಲ್ಲಿ ಮಾಲ್ಟಾ ಮೂಲಕ ಲಂಡನ್ನಿಗೆ ಕರೆದುಕೊಂಡು ಹೋದರು. ದಂಗೆ ಎದ್ದವರು ಕೂರಿಸಿದ ಸಾಂಪ್ಸನ್ ಅನ್ನೋನು ಎಂಟು ದಿನದ ಅಧ್ಯಕ್ಷ ಆದ. ಜುಲೈ 20 ಕ್ಕೆ ಟರ್ಕಿಯ ಸೇನೆ ಇಳಿಯಿತು, ಆಗಸ್ಟಿನಲ್ಲಿ ಇನ್ನೂ ಮುಂದೆ ಬಂತು. ದ್ವೀಪದ ಮೂರನೇ ಒಂದು ಭಾಗಕ್ಕೂ ಜಾಸ್ತಿ ಹೋಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟ್ಟರು ದಕ್ಷಿಣಕ್ಕೆ ಓಡಿದರು, ಟರ್ಕಿಶ್ ಸೈಪ್ರಿಯಟ್ಟರು ಉತ್ತರಕ್ಕೆ. ಡಿಸೆಂಬರಿನಲ್ಲಿ ಮಕಾರಿಯೋಸ್ ವಾಪಸ್ ಬಂದರು, ಅರ್ಧ ಮುರಿದ ದೇಶಕ್ಕೆ. ಪ್ಯಾಕೆಟ್ಟಿನಲ್ಲಿ ಬೆರಳ ಉಗುರಿನಷ್ಟು ಒಂದು ಸ್ಟಾಂಪು ಇದೆ. ಮುಳ್ಳುತಂತಿ, ಅದರ ಮುಂದೆ ಕೂತ ಮಗು. ನಿರಾಶ್ರಿತರ ನಿಧಿಗೆ ಅಂತ ಪ್ರತಿ ಕಾಗದದ ಮೇಲೂ ಅದನ್ನು ಹಚ್ಚಲೇಬೇಕಿತ್ತು. ಮಗ ಅದನ್ನು ಆಲ್ಬಮ್ಮಿನಲ್ಲಿ ಒಂದೇ ಒಂದಾಗಿ, ಪೂರ್ತಿ ಪುಟಕ್ಕೆ ಅಂಟಿಸಿದ್ದಾನೆ. ಮಕಾರಿಯೋಸ್ ಅವರನ್ನು ಅವರೇ ಆರಿಸಿದ ಜಾಗದಲ್ಲಿ, ಕಿಕ್ಕೋಸ್ ಹತ್ತಿರದ ಥ್ರೋನಿ ಬೆಟ್ಟದ ಮೇಲೆ ಮಣ್ಣು ಮಾಡಿದರು. ಅವರ ನಂತರ ಅಧ್ಯಕ್ಷರು ಒಬ್ಬರು, ಆರ್ಚ್‌ಬಿಷಪ್ ಇನ್ನೊಬ್ಬರು. ಎರಡೂ ಒಬ್ಬರೇ ಆಗಿದ್ದು ಮತ್ತೆ ನಡೆಯಲಿಲ್ಲ.

ಈಗ ಅಂಗಡಿಯ ಗುಣದೋಷ. 380 ಕ್ಕೆ 42 ಸ್ಟಾಂಪು ಅಂದರೆ ಒಂದಕ್ಕೆ 9 ರೂಪಾಯಿ ಚಿಲ್ಲರೆ. ತಿಮ್ಮಯ್ಯನವರ ಸ್ಟಾಂಪು, 1960 ರ ಓವರ್‌ಪ್ರಿಂಟು ಇರುವುದರಿಂದ ಈ ಬೆಲೆ ನ್ಯಾಯವೇ. ಆದರೆ ಮೂರು ಸ್ಟಾಂಪು ಎರಡೆರಡು ಸಲ ಇದ್ದವು. ಐದಾರರ ಹಿಂದೆ ಹಳೇ ಹಿಂಜ್, ಅಂದರೆ ಆಲ್ಬಮ್ಮಿಗೆ ಅಂಟಿಸುವ ಕಾಗದದ ಚೂರು, ಹಾಗೇ ಉಳಿದಿತ್ತು, ಎರಡರ ಅಂಚಿನ ಹಲ್ಲು ಹೋಗಿತ್ತು. ಕೇಳಿದರೆ ತಕರಾರು ಮಾಡದೆ ಬದಲಿಸಿಕೊಟ್ಟರು. ಇನ್ನೊಂದು, ಉತ್ತರ ಸೈಪ್ರಸ್ಸಿನ ಸ್ಟಾಂಪುಗಳನ್ನು ಅವರು ಟರ್ಕಿ ಪ್ಯಾಕೆಟ್ಟಿಗೆ ಹಾಕಿದ್ದಾರೆ. ಟರ್ಕಿ ಬಿಟ್ಟು ಬೇರೆ ಯಾವ ದೇಶವೂ ಆ ಭಾಗವನ್ನು ದೇಶ ಅಂತ ಒಪ್ಪಿಲ್ಲ, ಅಲ್ಲಿಗೆ ಹೋಗುವ ಅಂಚೆಯೂ ಟರ್ಕಿಯ ಮೆರ್ಸಿನ್ 10 ಅನ್ನೋ ವಿಳಾಸದಿಂದಲೇ ಹೋಗುತ್ತದೆ. ಹಾಗಿದ್ದರೂ ಸೈಪ್ರಸ್ ಕತೆ ಪೂರ್ತಿ ಆಗಬೇಕಾದರೆ ಅವೂ ಇದರ ಪಕ್ಕದಲ್ಲೇ ಇರಬೇಕು, ಪ್ರತ್ಯೇಕ ಸಣ್ಣ ಕವರಿನಲ್ಲಾದರೂ. ಇದನ್ನೂ ಅವರಿಗೆ ಹೇಳಿದ್ದೇನೆ.

ಮೆಟ್ಟಿಲು ಕಡಿದು, ಹಿಡಿದುಕೊಳ್ಳಲು ಏನೂ ಇಲ್ಲ, ವಯಸ್ಸಾದವರಿಗೆ ಕಷ್ಟ. ಗಲ್ಲಿಯೊಳಗೆ ಕಾರು ಬರುವುದಿಲ್ಲ, ಸ್ಕೂಟರಿಗೆ ಜಾಗ ಇದೆ. ಸಂಜೆ ನಾಲ್ಕರಿಂದ ಎಂಟು, ಮಂಗಳವಾರ ರಜಾ. ಫೋನ್‌ಪೇ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದು ಗಂಟೆ ಬಿಡುವು ಇಟ್ಟುಕೊಂಡು ಹೋಗಿ. ಅವಸರದಲ್ಲಿ ಹೋದರೆ ಬರೀ ಕಾಗದದ ಚೂರು ತಗೊಂಡು ಬರುತ್ತೀರಿ, ಅವರ ಮಾತು ಸಿಗುವುದಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಮ್ಮಿ ಮಾಡಿದ್ದು ಹಿಂಜಿಗೆ ಮತ್ತು ಮೆಟ್ಟಿಲಿಗೆ.

ಹೋದ ಶನಿವಾರ ಸೇಶೆಲ್ಸ್ ಪ್ಯಾಕೆಟ್ ಕೇಳಲು ಹೋಗಿದ್ದೆವು. ಸೈಪ್ರಸ್ ಪ್ಯಾಕೆಟ್ ಇನ್ನೂ ಮೂರು ಉಳಿದಿದ್ದವು, ಮೂರರ ಚೀಟಿಯನ್ನೂ ತಾತ ಹೊರಗೆ ತೆಗೆದು ಟೇಬಲ್ ಮೇಲೆ ಇಟ್ಟುಕೊಂಡಿದ್ದರು. 1974 ಅನ್ನೋದನ್ನು ಹೊಡೆದು ಹಾಕಿ ಪಕ್ಕದಲ್ಲಿ 1977 ಅಂತ ತಿದ್ದುತ್ತಿದ್ದರು. ಮಗ ಅವರ ಕೈ ನೋಡಿ ನನ್ನ ಸೆರಗು ಎಳೆದ. ಪೆನ್ನು ಕೆಂಪು ಇಂಕಿನದು.